ಮಕ್ಕಳು ಮುಟ್ಟಿ ಕಲಿತ ಇತಿಹಾಸ

(ಸಹಕಾರ ಸಪ್ತಾಹದ ಅಂಗವಾಗಿ ನವೆಂಬರ್ 14ರಂದು ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂದು ಮಕ್ಕಳ ದಿನಾಚರಣೆ. ಸಹಕಾರ ಸಪ್ತಾಹ ಶುರುವಾಗುವುದೂ ಇಂದೇ. ಎರಡೂ ಕೂಡಿ ಬಂದಿದೆ, ಮಕ್ಕಳ ಬಗ್ಗೆ ಎರಡು ಮಾತು ಹೇಳು ಅಂತ ಹಿರಿಯರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಭತ್ತ ಬೆಳೆಯುವ ರೈತ, ಓದಿದ್ದು ಎಸ್ಸೆಸ್ಸೆಲ್ಸಿ. ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರುದಿನವೇ ಮರೆತವನು. ಆದ್ದರಿಂದ ಇಲ್ಲಿ ಉಪದೇಶ ಮಾಡುವುದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಸಂಘ ಹೊಸ ಕಟ್ಟಡಕ್ಕೆ ಬಂದಾಗ, "ಹಳೇ ಕಾಗದ ಯಾಕೆ, ಜಾಗ ತಿಂತಾವೆ, ರದ್ದಿಗೆ ಹಾಕ್ರಿ" ಅಂತ ಸಭೆಯಲ್ಲಿ ಹೇಳಿದವನು ನಾನೇ. ಎರಡು ಚೀಲ ಹೋದವು. ಮೂರನೇ ಚೀಲ ಹೊರುವಾಗ ನಮ್ಮ ಸಿಪಾಯಿ, "ಸಾವ್ಕಾರ್ರೆ, ಇದರಾಗ ನಮ್ಮಪ್ಪನ ಹೆಬ್ಬೆಟ್ಟು ಐತ್ರಿ" ಅಂತ ಒಂದು ದಪ್ಪ ಪುಸ್ತಕ ತೆಗೆದಿಟ್ಟುಕೊಂಡ. ಅದು ನಮ್ಮ ಸಂಘದ ಮೊದಲನೇ ಸಾಲದ ಲೆಡ್ಜರು.

ಕಳೆದ ವರ್ಷ ಐದನೇ ತರಗತಿ ಮಕ್ಕಳನ್ನು ಗುರುಗಳು ಸಂಘಕ್ಕೆ ಕರೆತಂದರು. ಪಾಠ ಇತಿಹಾಸದ್ದು. ಸಿಪಾಯಿ ಆ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟ. ಒಂದು ಹುಡುಗಿ ತನ್ನ ಅಜ್ಜನ ಹೆಸರು ಹುಡುಕಿದಳು. ಒಂದು ಜೊತೆ ಎತ್ತಿಗೆ ಸಾಲ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಆ ಅಜ್ಜ ಈಗಿಲ್ಲ. ಹುಡುಗಿ ತನ್ನ ಹೆಬ್ಬೆರಳನ್ನು ಪಕ್ಕದಲ್ಲಿ ಹಿಡಿದು ಅಳತೆ ನೋಡಿದಳು. "ಎತ್ತಿನ ಹೆಸರು ಏನಿತ್ತು?" ಅಂತ ನನ್ನನ್ನೇ ಕೇಳಿದಳು. ಆ ಎತ್ತು ನಾನು ಕಂಡಿದ್ದೆ, ಹೇಳಿದೆ. ಆಮೇಲೆ ಇನ್ನೊಬ್ಬ ಹುಡುಗ, "ನಮ್ಮಜ್ಜಂದು ಎಲ್ಲೈತ್ರಿ?" ಅಂದ. ಅವರಜ್ಜನ ಲೆಕ್ಕ ಎರಡನೇ ಪುಸ್ತಕದಲ್ಲಿತ್ತು. ಅದನ್ನು ನಾನು ತೂಕಕ್ಕೆ ಕೊಟ್ಟಿದ್ದೆ. ಆ ಹುಡುಗನಿಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು ಅಂತ ನಾವು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ನಮ್ಮದೇ ಸಂಘಕ್ಕೆ ಮೊದಲ ಷೇರು ಹಾಕಿದವರು ಯಾರು ಅಂದರೆ ತಲೆ ಕೆರೆದುಕೊಳ್ಳುತ್ತೇವೆ. ದೂರದ್ದು ಗೊತ್ತು, ಮನೆಯದು ಗೊತ್ತಿಲ್ಲ.

ಆಮೇಲೆ ನಮ್ಮ ಆಡಳಿತ ಮಂಡಳಿ ಎರಡು ಶನಿವಾರ ಮಕ್ಕಳಿಗೆ ಗಾಡಿ ಮಾಡಿ ಕೊಟ್ಟಿತು. ನಾನೂ ಜೊತೆಗೆ ಹೋದೆ. ಬಂಧುಗಳೇ, ನಮ್ಮ ಸಿರುಗುಪ್ಪ ಸೀಮೆ ಅಂದರೆ ಬರೀ ಭತ್ತದ ಸೀಮೆ ಅಂತ ತಿಳಿದಿದ್ದೆ. ನಿಟ್ಟೂರಿನಲ್ಲಿ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಬರಹ ಇದೆ. ಉಡೇಗೋಳದಲ್ಲೂ ಇದೆ. ಹೆಚ್ಚಿನ ಶಾಸನಗಳಲ್ಲಿ ಆತ ತನ್ನನ್ನು 'ದೇವಾನಾಂಪ್ರಿಯ' ಅಂತಲೇ ಕರೆದುಕೊಂಡಿದ್ದಾನೆ. ಅಶೋಕ ಅನ್ನುವ ಹೆಸರೇ ಸಿಗುವುದು ಕೆಲವೇ ಕಡೆ. ರಾಯಚೂರು ಜಿಲ್ಲೆಯ ಮಸ್ಕಿ ಅದರಲ್ಲಿ ಒಂದು, ನಮ್ಮ ನಿಟ್ಟೂರು ಇನ್ನೊಂದು. ಬರಹ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಗುರುಗಳು ಮಕ್ಕಳಿಗೆ ಮರಳಿನಲ್ಲಿ ಆ ಬ್ರಾಹ್ಮಿ ಅಕ್ಷರ ಬರೆಸಿದರು. ನಮ್ಮ 'ಕ' ಅಕ್ಷರ ಅದರಲ್ಲಿ ಕೂಡಿಸುವ ಲೆಕ್ಕದ ಗುರುತಿನ ಹಾಗೆ, 'ಠ' ಬರೀ ದುಂಡನೆ ಸೊನ್ನೆ. ನಮ್ಮ ಕನ್ನಡದ ಲಿಪಿ ಅದರಿಂದಲೇ ಬೆಳೆದು ಬಂದದ್ದು. ಹೊತ್ತು ಮುಳುಗುವುದರೊಳಗೆ ಮಕ್ಕಳು ತಮ್ಮ ಹೆಸರನ್ನು ಅಶೋಕನ ಅಕ್ಷರದಲ್ಲಿ ಬರೆಯುತ್ತಿದ್ದರು.

ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದರು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ದುಂಡು ಗುಡಿಸಲು ಹಾಕಿ ಜನ ದನ ಸಾಕುತ್ತಿದ್ದರು. ಅಲ್ಲಿ ಹುರಳಿ ಕಾಳೂ ಸಿಕ್ಕಿದೆ. "ಅವರೂ ಹುರಳಿ ಸಾರು ಮಾಡ್ತಿದ್ರೇನ್ರಿ?" ಅಂತ ಮಕ್ಕಳು ನಕ್ಕರು. ನಗಲಿ, ಆ ಕಾಳು ಇನ್ನು ಅವರು ಮರೆಯುವುದಿಲ್ಲ.

ಎರಡನೇ ಶನಿವಾರ ಕುರುಗೋಡಿಗೆ ಹೋದೆವು. ಅದು ಸಿಂದ ಅರಸರ ರಾಜಧಾನಿಯಾಗಿದ್ದ ಊರು. ದೊಡ್ಡಬಸವೇಶ್ವರನಿಗೆ ಕೈಮುಗಿದು, ಹಳೇ ಗುಡಿಗಳ ಕಂಬದ ಕೆತ್ತನೆಯನ್ನು ಮಕ್ಕಳು ಪಟ್ಟಿಯಲ್ಲಿ ಬರೆದುಕೊಂಡರು. ಮರುದಿನ ಅದೇ ನಮೂನೆ ಮನೆಮುಂದೆ ರಂಗೋಲಿಯಾಯಿತು.

ಅಲ್ಲಿಂದ ಬಳ್ಳಾರಿ. ಊರ ಮಗ್ಗುಲಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ಹೊಸ ಶಿಲಾಯುಗದವರು ಅಲ್ಲಿ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಕಾರ್ಖಾನೆಯ ಹಾಗೆ. ಬಂಡೆಗಳ ಮೇಲೆ ಇಣಿ ಇರುವ ಎತ್ತಿನ ಚಿತ್ರ ಕುಟ್ಟಿದ್ದಾರೆ. ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುವ ಕಲ್ಲುಗಳೂ ಅಲ್ಲಿವೆ. ಅಲ್ಲಿ ಸಿಕ್ಕಿದ್ದನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಲು ಗಣಿಗಾರಿಕೆಯಿಂದ ಆ ಗುಡ್ಡಗಳಿಗೆ ಬಿದ್ದ ಪೆಟ್ಟು ಮಾತ್ರ ಮತ್ತೆ ಕೂಡುವಂಥದ್ದಲ್ಲ.

ಶಾಲೆಗೆ ಬಂದು ಮಕ್ಕಳು ಹೊಲದ ಒಂದು ಕಲ್ಲನ್ನು ನೀರು, ಮರಳು ಹಾಕಿ ಬಂಡೆಗೆ ತಿಕ್ಕಿದರು. ಒಂದು ತಾಸು ತಿಕ್ಕಿದರೂ ನುಣುಪಾದದ್ದು ಉಗುರಿನಷ್ಟು. "ಒಂದು ಕೊಡಲಿಗೆ ಎಷ್ಟು ದಿನ ಬೇಕ್ರಿ?" ಅಂದರು. ಈ ಪ್ರಶ್ನೆ ಪುಸ್ತಕದಲ್ಲಿಲ್ಲ, ಕೈ ನೊಂದ ಮೇಲೆ ಹುಟ್ಟುವಂಥದ್ದು.

ಇನ್ನು ಮನೆಯ ಅಜ್ಜ ಅಜ್ಜಿಯರು. ನಮ್ಮ ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸು ರಾಜ್ಯದಲ್ಲಿತ್ತು, ಆಮೇಲೆ ಮೈಸೂರಿಗೆ ಸೇರಿತು. ತುಂಗಭದ್ರೆಯ ನೀರು ಕಾಲುವೆಗೆ ಬಂದದ್ದೂ ಆ ಕಾಲದಲ್ಲೇ. ನೀರು ಬರುವ ಮುಂಚೆ ಏನು ಬಿತ್ತುತ್ತಿದ್ದಿರಿ, ಏನು ಉಣ್ಣುತ್ತಿದ್ದಿರಿ ಅಂತ ಮಕ್ಕಳು ಕೇಳಿ ಬರೆದುಕೊಳ್ಳಲಿ. ಕಂಡವರು ಊರಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರು ಹೋದರೆ ಅದೂ ರದ್ದಿಗೆ ಹೋದ ಹಾಗೆಯೇ.

ಕೆಲವು ಪಾಲಕರು, "ಕಲ್ಲು ನೋಡಿಕೊಂಡು ತಿರುಗಿದರೆ ಮಾರ್ಕ್ಸ್ ಬರ್ತಾವೇನಪ್ಪ?" ಅಂತ ಕೇಳಿದ್ದಾರೆ. ತಪ್ಪಲ್ಲ, ನಮ್ಮ ಚಿಂತೆ ನಮಗೆ. ಆದರೆ ಬಿತ್ತನೆಯನ್ನು ಪುಸ್ತಕ ಓದಿ ಕಲಿತ ರೈತ ನಮ್ಮಲ್ಲಿ ಒಬ್ಬನಾದರೂ ಇದ್ದಾನೆಯೇ? ಕೈಯಿಂದ ಕಲಿತದ್ದು ತಲೆಯಲ್ಲಿ ನಿಲ್ಲುತ್ತದೆ. ನಮ್ಮ ರಾಜ್ಯದ ನಲಿ-ಕಲಿ ಪದ್ಧತಿ ಕೂಡ ಮಾಡುತ್ತಾ ಕಲಿ ಅಂತಲೇ ಹೇಳುವುದು.

ಮಕ್ಕಳೇ, ಒಂದು ಎಚ್ಚರಿಕೆ. ಗುಡ್ಡದಲ್ಲಿ ಏನನ್ನೂ ಅಗೆಯಬೇಡಿ, ಕಿಸೆಗೆ ಹಾಕಬೇಡಿ, ಬಂಡೆಯ ಮೇಲೆ ಹೆಸರು ಕೊರೆಯಬೇಡಿ. ಹೊಲದಲ್ಲಿ ಹಳೇದೇನಾದರೂ ಕಂಡರೆ ಇದ್ದ ಜಾಗದಲ್ಲೇ ಬಿಟ್ಟು ಗುರುಗಳಿಗೆ ಹೇಳಿರಿ.

ಸದಸ್ಯ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ. ಈ ರಜತ ಮಹೋತ್ಸವದ ನೆನಪಿಗೆ ಸಂಘದಲ್ಲಿ ಒಂದು ಕಬ್ಬಿಣದ ಕಪಾಟು ಇಡೋಣ. ಉಳಿದ ಲೆಡ್ಜರು, ಹಳೇ ಷೇರು ಪತ್ರ, ನಿಮ್ಮ ಮನೆಯ ಹಳೇ ಫೋಟೋ, ಕೂರಿಗೆ ಬಟ್ಟಲು, ಸೇರು, ಪಾವು, ಏನಿದ್ದರೂ ಕೊಡಿ. ವರ್ಷಕ್ಕೊಮ್ಮೆ ಐದನೇ ತರಗತಿ ಮಕ್ಕಳು ಬಂದು ತೆಗೆದು ನೋಡಲಿ. ಇದನ್ನು ಮುಂದಿನ ಮಹಾಸಭೆಗೆ ಠರಾವಾಗಿ ತರುತ್ತೇನೆ, ತಾವು ಕೈ ಎತ್ತಬೇಕು.

ಎರಡನೇ ಪುಸ್ತಕದಲ್ಲಿ ಯಾರ ಯಾರ ಹೆಸರಿತ್ತು ಅಂತ ಹಿರಿಯರನ್ನು ಕೇಳಿ ಪಟ್ಟಿ ಮಾಡಲು ಶುರು ಮಾಡಿದ್ದೇನೆ. ಆ ಹುಡುಗನೇ ನನ್ನ ಜೊತೆ ಕೂತು ಬರೆಯುತ್ತಾನೆ. ಮೊದಲನೇ ಹೆಸರು ಅವನ ಅಜ್ಜನದೇ. ಹೆಬ್ಬೆಟ್ಟು ಮಾತ್ರ ಮತ್ತೆ ತರಲಾರೆ.