ಬರೀ ಅರ್ಧ ಮಾತ್ರೆ

ಭಾನುವಾರದ ನಿದ್ದೆ ಬಿಟ್ಟು ಬಂದಿರುವ ಬಂಧುಗಳೆ,

ನಿದ್ದೆಯ ಮಾತನ್ನು ಬೇಕೆಂದೇ ಎತ್ತಿದೆ. ಇವತ್ತಿನ ವಿಷಯ, ಆತಂಕ ಅಡಗಲೆಂದು ನಾವು ನುಂಗುವ ಮಾತ್ರೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಅದು ನಿದ್ದೆ ಮಾತ್ರೆ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟೆನ್ಷನ್ ಮಾತ್ರೆ. ವೈದ್ಯರ ಚೀಟಿಯಲ್ಲಿ ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಜೆಪಾಮ್ ಎಂದೆಲ್ಲ ಇರುತ್ತದೆ. ಎಲ್ಲವೂ ಬೆಂಜೊಡಯಜೆಪಿನ್ ಎಂಬ ಒಂದೇ ಮನೆತನದವು. "ಎಷ್ಟು ತಗೋತೀರಿ?" ಎಂದು ಕೇಳಿ ನೋಡಿ. "ಬರೀ ಅರ್ಧ ಮಾತ್ರೆ ಸಾರ್" ಎನ್ನುತ್ತಾರೆ. ಎಷ್ಟು ವರ್ಷದಿಂದ ಎಂಬ ಪ್ರಶ್ನೆಗೆ ಮಾತ್ರ ಉತ್ತರ ತಡವಾಗಿ ಬರುತ್ತದೆ.

ಶುರುವಾಗುವ ಬಗೆ ನಿಮಗೆ ಗೊತ್ತಿರುವುದೇ. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವ ಹುಡುಗ ಒಂದು ರಾತ್ರಿ ಎದೆ ಹಿಡಿದುಕೊಳ್ಳುತ್ತಾನೆ. ಡವಡವ, ಬೆವರು, ಈಗಲೇ ಸತ್ತೆ ಎಂಬ ಗಾಬರಿ. ಗೆಳೆಯರು ಹತ್ತಿರದ ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ. ಇಸಿಜಿ ಸರಿ, ರಕ್ತ ಪರೀಕ್ಷೆ ಸರಿ. "ಹಾರ್ಟ್ ಚೆನ್ನಾಗಿದೆ, ಟೆನ್ಷನ್ ಅಷ್ಟೆ" ಎಂದು ಒಂದು ಸಣ್ಣ ಮಾತ್ರೆ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಲೋಕ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಯಾರೂ ತಪ್ಪು ಮಾಡಿಲ್ಲ. ತೊಂದರೆ ಹುಟ್ಟುವುದು ಚೀಟಿಯನ್ನು ಹುಡುಗ ಪರ್ಸಿನಲ್ಲಿ ಇಟ್ಟುಕೊಂಡಾಗ.

ಈ ಔಷಧಿಗಳು ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ಅವಕ್ಕಿಂತ ಮುಂಚೆ ಇದ್ದ ಬಾರ್ಬಿಚುರೇಟ್‌ಗಳ ಪ್ರಮಾಣ ತುಸು ಹೆಚ್ಚಾದರೂ ಉಸಿರು ನಿಲ್ಲುತ್ತಿತ್ತು. ರೋಶ್ ಕಂಪನಿಯಲ್ಲಿದ್ದ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿಯ ಕೆಲಸದಿಂದ 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಎಂಬ ಹೆಸರಿನ ಡಯಜೆಪಾಮ್ ಮಾರುಕಟ್ಟೆಗೆ ಬಂದವು. ಆ ದಶಕದ ಕೊನೆಗೆ ನಮ್ಮ ರ್‍ಯಾನ್‌ಬಾಕ್ಸಿ ಅದೇ ಡಯಜೆಪಾಮನ್ನು ಕಾಂಪೋಸ್ ಎಂದು ಮಾರಿತು. ಹಿರಿಯರಿಗೆ ಆ ಹೆಸರು ನೆನಪಿದ್ದೀತು. ಚಟ ಹಿಡಿಸುವುದಿಲ್ಲವೆಂದೇ ಬಹುಕಾಲ ನಂಬಿದ್ದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದಿತು. ನಾಲ್ಕು ವಾರ! ನಮ್ಮಲ್ಲಿ ಅಷ್ಟಕ್ಕೆ ಒಂದು ಪ್ರಾಜೆಕ್ಟ್ ರಿಲೀಸ್ ಕೂಡ ಮುಗಿಯುವುದಿಲ್ಲ.

ನಾಲ್ಕು ವಾರ ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಇರುವುದು ಇಲ್ಲೇ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ಅದು ನರಗಳ ಓಟಕ್ಕೆ ಬ್ರೇಕು. ಈ ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತದೆ. ದಿನಾ ಹೊರಗಿನವರು ಒತ್ತುತ್ತಿದ್ದರೆ ಮಿದುಳು ತನ್ನ ಕಾಲನ್ನು ಸಡಿಲ ಬಿಡುತ್ತದೆ. ಆಮೇಲೆ ಮಾತ್ರೆ ತಪ್ಪಿದ ದಿನ ತಡೆಯುವವರೇ ಇಲ್ಲ. ಎದೆ ಬಡಿತ, ನಡುಕ, ನಿದ್ದೆಗೇಡು ಮೊದಲಿಗಿಂತ ಜೋರಾಗಿ ಬರುತ್ತವೆ. ಅಲ್ಪ್ರಜೋಲಾಮಿನ ಅರ್ಧಾಂಶ ಸುಮಾರು ಹನ್ನೊಂದು ಗಂಟೆಯಲ್ಲಿ ಮೈಯಿಂದ ಇಳಿದುಹೋಗುತ್ತದೆ. ಹಾಗಾಗಿ ರಾತ್ರಿ ನುಂಗಿದವನಿಗೆ ಮರುದಿನ ಮಧ್ಯಾಹ್ನದ ಮೀಟಿಂಗಿನಲ್ಲೇ ಚಡಪಡಿಕೆ ಶುರುವಾಗಬಹುದು. "ನೋಡಿ, ನನ್ನ ಕಾಯಿಲೆ ಎಷ್ಟು ದೊಡ್ಡದು, ಮಾತ್ರೆ ಇಲ್ಲದಿದ್ದರೆ ನಾನಿಲ್ಲ" ಎಂದು ಅವನು ತೀರ್ಮಾನಿಸುತ್ತಾನೆ. ಆ ಚಡಪಡಿಕೆಯಲ್ಲಿ ಕಾಯಿಲೆಯದೆಷ್ಟು, ಮಾತ್ರೆಯೇ ಹುಟ್ಟಿಸಿದ್ದೆಷ್ಟು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಅರ್ಧ ಒಂದಾಗುತ್ತದೆ, ಒಂದು ಎರಡಾಗುತ್ತದೆ.

ಇದು ಲ್ಯಾಪ್‌ಟಾಪಿನವರ ರೋಗ ಎಂದುಕೊಳ್ಳಬೇಡಿ. ವೈಟ್‌ಫೀಲ್ಡ್‌ನ ಕಟ್ಟಡಗಳಿಗೆ ಸಿಮೆಂಟು ಹೊತ್ತವರಲ್ಲಿ ರಾಯಚೂರು, ಯಾದಗಿರಿಯ ಕಡೆಯವರು ಬಹಳ. ಆ ಸೀಮೆಯಲ್ಲಿ, ಗಡಿಯಾಚೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಹಾವಳಿ ಹಳೆಯದು. ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆ, ಡಯಜೆಪಾಮ್, ಅಲ್ಪ್ರಜೋಲಾಮ್ ಕೂಡ ಬೆರೆಸುತ್ತಾರೆ. 2015ರಲ್ಲಿ ತೆಲಂಗಾಣ ಸರ್ಕಾರ ಬಿಗಿ ಮಾಡಿ ಪೂರೈಕೆ ತಪ್ಪಿದಾಗ ಮಹಬೂಬ್‌ನಗರ, ನಿಜಾಮಾಬಾದ್ ಕಡೆಯ ಆಸ್ಪತ್ರೆಗಳಿಗೆ ಫಿಟ್ಸ್ ಬಂದವರು, ಭ್ರಮೆ ಹಿಡಿದು ಕೂಗಾಡುವವರು ಸಾಲುಗಟ್ಟಿದರು. ಸಾಫ್ಟ್‌ವೇರ್ ಹುಡುಗನ ಪರ್ಸಿನಲ್ಲೂ ಕೂಲಿಯವನ ಸೇಂದಿಯಲ್ಲೂ ಇರುವುದು ಒಂದೇ ಬಗೆಯ ವಸ್ತು. ಒಬ್ಬನನ್ನು ಕುಡುಕ ಎನ್ನುತ್ತೇವೆ, ಇನ್ನೊಬ್ಬನನ್ನು ಪೇಷಂಟ್ ಎನ್ನುತ್ತೇವೆ.

ಪೀಣ್ಯದ ಮಾತೇ ಬೇರೆ. ಅಲ್ಲಿ ಪವರ್ ಪ್ರೆಸ್ಸಿನ ಮುಂದೆ ಕೈ ಒಂದು ಕ್ಷಣ ತಡವಾದರೆ ಬೆರಳು ಹೋಗುತ್ತದೆ. ರಾತ್ರಿಯ ಮಾತ್ರೆಯ ಮಂಪರು ಬೆಳಗಿನ ಪಾಳಿಗೂ ಉಳಿಯಬಲ್ಲದು. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಈ ಮನೆತನದ್ದಲ್ಲದಿದ್ದರೂ ನೆಂಟ. ಬೆಳಿಗ್ಗೆ ವಾಹನ ಓಡಿಸುವಾಗಲೂ ಅದರ ಅಂಶ ರಕ್ತದಲ್ಲಿ ಉಳಿಯುತ್ತದೆಂದು 2013ರಲ್ಲಿ ಅಮೆರಿಕ ಹೆಂಗಸರಿಗೆ ಅದರ ಪ್ರಮಾಣವನ್ನು ಅರ್ಧಕ್ಕಿಳಿಸಿತು. ಪಾಳಿ ಮುಗಿಸಿ ಹೊಸೂರು ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರು, ಕ್ಯಾಬ್ ಓಡಿಸುವವರು ಇದನ್ನು ಕೇಳಿಸಿಕೊಳ್ಳಬೇಕು. ವಾರಾಂತ್ಯದಲ್ಲಿ ಎರಡು ಪೆಗ್ಗಿನ ಮೇಲೆ ಮಾತ್ರೆ ನುಂಗುವವರಿಗೆ ಒಂದೇ ಮಾತು: ಎರಡೂ ಸೇರಿದರೆ ಉಸಿರಾಟವೇ ನಿಲ್ಲಬಹುದು.

ಮಕ್ಕಳ ಫ್ಲ್ಯಾಟಿಗೆ ಊರಿನಿಂದ ಬಂದ ಅಪ್ಪ ಅಮ್ಮಂದಿರದು ಇನ್ನೊಂದು ಕಥೆ. ಹನ್ನೆರಡನೇ ಮಹಡಿಯಲ್ಲಿ ನಿದ್ದೆ ಬರುವುದಿಲ್ಲ. ಮಗ ತನ್ನದೇ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಕೊಡುತ್ತಾನೆ. ಅಮ್ಮ ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ತಪ್ಪಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಅಥವಾ ಮಾತು ತೊದಲಿ, ನೆನಪು ಕೆಟ್ಟು, ಮರೆವಿನ ರೋಗವೆಂದು ಮನೆಯವರು ಹೆದರುತ್ತಾರೆ. ಗೊತ್ತಿಲ್ಲದೆ ನುಂಗುವುದೂ ಉಂಟು. 'ಗ್ಯಾಸ್ಟ್ರಿಕ್' ಎಂದು ಹಲವರು ನುಂಗುವ ಒಂದು ಬಗೆಯ ಮಾತ್ರೆಯಲ್ಲಿ ಆ ಹಳೆಯ ಲಿಬ್ರಿಯಮ್ಮಿನ ಕ್ಲೋರ್‌ಡಯಜೆಪಾಕ್ಸೈಡ್ ಇದೆ. ಸ್ಟ್ರಿಪ್ ತಿರುಗಿಸಿ ಓದಿ. ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್ ಜೊತೆ ಕ್ಲೋನಜೆಪಾಮ್ ಬೆರೆಸಿದ ಮಾತ್ರೆಗಳೂ ನಮ್ಮಲ್ಲಿ ಧಾರಾಳ. ಮೊದಲನೆಯದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಎರಡನೆಯದನ್ನು ಬೇಗ ಬಿಡಬೇಕು. ಒಂದೇ ಮಾತ್ರೆಯಲ್ಲಿದ್ದರೆ ಬಿಡುವುದು ಹೇಗೆ? ನಮ್ಮ ವೈದ್ಯ ವೃತ್ತಿಯವರು ಉತ್ತರಿಸಬೇಕಾದ ಪ್ರಶ್ನೆ ಇದು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಷೆಡ್ಯೂಲ್ ಎಚ್‌1 ಪ್ರಕಾರ ಇಂಥ ಹಲವು ಔಷಧಿಗಳನ್ನು ಚೀಟಿ ನೋಡಿಯೇ ಕೊಡಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮೆಡಿಕಲ್ ಸ್ಟೋರಿನವನು ಚೀಟಿ ಕೇಳಿದರೆ ಜಗಳ ತೆಗೆಯಬೇಡಿ, ಅವನು ತನ್ನ ಕೆಲಸ ಮಾಡುತ್ತಿದ್ದಾನೆ.

ಈಗ ತುಂಬ ಮುಖ್ಯವಾದ ಮಾತು. ನನ್ನ ಭಾಷಣ ಕೇಳಿ ಇವತ್ತೇ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದರೆ ನಾನು ನಿಮಗೆ ಕೇಡು ಮಾಡಿದಂತೆ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸಲೆಂದೇ ಕ್ಲಿನಿಕ್ ನಡೆಸಿದರು. ನಿಧಾನವಾಗಿ, ತಿಂಗಳುಗಟ್ಟಲೆ, ಚೂರುಚೂರೇ ಇಳಿಸುವುದು ಆಕೆಯ ದಾರಿ. ಅದನ್ನು ವೈದ್ಯರ ಕಣ್ಣೆದುರೇ ಮಾಡಬೇಕು. ಆತಂಕಕ್ಕೆ ಮಾತಿನ ಚಿಕಿತ್ಸೆಯಿದೆ, ಚಟ ಹಿಡಿಸದ ಬೇರೆ ಔಷಧಿಗಳಿವೆ. ಅವು ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ವಾರಗಳು ಬೇಕು. ಪಾಳಿಯ ವಿಷಯವನ್ನು ಎಚ್‌ಆರ್ ಜೊತೆ ಮಾತಾಡುವುದು ಕೂಡ ಚಿಕಿತ್ಸೆಯ ಭಾಗವೇ ಎಂಬುದು ನನ್ನ ಮತ. ಎಲ್ಲ ಹೊರೆಯನ್ನೂ ಕಾರ್ಮಿಕನ ಮಿದುಳಿನ ಮೇಲೆ ಹಾಕುವುದು ನ್ಯಾಯವಲ್ಲ.

ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲು ಸಂಕೋಚವಾದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.