ದೊಡ್ಡ ಮೀನು ಬದುಕಿದ್ದರೆ ಸಾಕೇ?



ನಮ್ಮ ಗುಮ್ಮಘಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಜಲಾಶಯ ಇದೆ. ವೇದಾವತಿ ಹೊಳೆಯ ನೀರು ಅಲ್ಲಿ ನಿಲ್ಲುತ್ತದೆ. ಈ ಹೊಳೆಯನ್ನೇ ಹಗರಿ ಅಂತೀವಿ. ನೀರಿದ್ದರೆ ಮೀನು, ಮೀನಿದ್ದರೆ ಕೆಲವರ ಮನೆಯಲ್ಲಿ ಅನ್ನ.

ನೀರು ಕೆಟ್ಟರೆ ಮೀನು ಸತ್ತು ತೇಲುತ್ತದೆ, ಆಗ ಗೊತ್ತಾಗುತ್ತದೆ ಬಿಡು ಅಂತ ನಾವು ಅಂದುಕೊಳ್ಳುತ್ತೇವೆ. ಯಾವಾಗಲೂ ಹಾಗಾಗುವುದಿಲ್ಲ. ನೀರಿಗೆ ಔಷಧಿ ಸೇರಿದರೆ ದೊಡ್ಡ ಮೀನು ಓಡಾಡುತ್ತಲೇ ಇರಬಹುದು. ಆದರೆ ಅದರ ಸಂತತಿ ನಿಂತುಹೋಗಬಹುದು.

ಅದು ಹೇಗೆ? ಮೀನಿನ ಮೊಟ್ಟೆಗೆ ತೆಳ್ಳನೆಯ ಪೊರೆ ಇರುತ್ತದೆ. ಅದು ಸ್ವಲ್ಪ ಕಾಪಾಡುತ್ತದೆ. ಮೊಟ್ಟೆ ಒಡೆದು ಹೊರಬಂದ ಮರಿಗೆ ಆ ಪೊರೆಯೂ ಇಲ್ಲ. ಮೈ ಎಳೆಯದು, ಕಿವಿರು ಎಳೆಯದು. ಔಷಧಿಯ ಪೆಟ್ಟು ಬಹಳ ಸಲ ಮೊದಲು ಬೀಳುವುದು ಈ ಮರಿಗೇ. ದೊಡ್ಡ ಮೀನು ಸಾಯದಿದ್ದರೂ ಅದರ ಮೊಟ್ಟೆ, ವೀರ್ಯ ಕೆಡಬಹುದು.

ಕೆನಡಾ ದೇಶದಲ್ಲಿ ವಿಜ್ಞಾನಿಗಳು ಒಂದು ಕೆರೆಯಲ್ಲಿ ಇದನ್ನು ಪರೀಕ್ಷೆ ಮಾಡಿದರು. 2001ರಿಂದ 2003ರವರೆಗೆ ಆ ಕೆರೆಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನು ಬೆರೆಸಿದರು. ಎಷ್ಟು? ಹೆಚ್ಚುಕಡಿಮೆ 20 ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ. ಅಷ್ಟಕ್ಕೇ ಗಂಡು ಮೀನುಗಳಲ್ಲಿ ಹೆಣ್ಣಿನ ಗುಣ ಕಾಣಿಸಿತು. ಮರಿಗಳು ಹುಟ್ಟುವುದು ಕಡಿಮೆಯಾಯಿತು. ಅಲ್ಲಿನ ಒಂದು ಜಾತಿಯ ಸಣ್ಣ ಮೀನು ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ಹಾರ್ಮೋನು ಹಾಕುವುದನ್ನು ನಿಲ್ಲಿಸಿದ ಮೇಲೆ ಕೆಲವು ವರ್ಷಕ್ಕೆ ಮತ್ತೆ ಹೆಚ್ಚಿತು.

ನಮ್ಮ ದೇಶದ ಮಾತೂ ಕೇಳಿ. ಹೈದರಾಬಾದಿನ ಹತ್ತಿರ ಪಟಾಂಚೆರು ಇದೆ. ಅಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ಕೊಳೆನೀರು ಒಂದು ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಶುದ್ಧ ಮಾಡಿ ಬಿಟ್ಟ ನೀರಿನಲ್ಲೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧಿ ಸಿಕ್ಕಿತು ಎಂದು 2007ರಲ್ಲಿ ವಿಜ್ಞಾನಿಗಳು ಬರೆದರು. 16 ಲೀಟರ್ ನೀರಿಗೆ 500 ಮಿಲಿಗ್ರಾಂನ ಒಂದು ಮಾತ್ರೆ ಕರಗಿಸಿದರೆ ಎಷ್ಟೋ, ಸುಮಾರು ಅಷ್ಟು! ಆ ಕೊಳೆನೀರನ್ನು ಸಾವಿರ ಲೀಟರಿಗೆ ಎರಡು ಲೀಟರಿನಂತೆ ಬೆರೆಸಿ ಕಪ್ಪೆಮರಿಗಳನ್ನು ಸಾಕಿ ನೋಡಿದರು. ಅವುಗಳ ಬೆಳವಣಿಗೆ ನೂರಕ್ಕೆ 40ರಷ್ಟು ಕುಗ್ಗಿತು.

ಕಾರ್ಖಾನೆಯನ್ನು ಸರ್ಕಾರ ನೋಡಬೇಕು. ನಮ್ಮ ಕೈಯಲ್ಲಿ ಇರುವುದನ್ನು ನಾವು ನೋಡೋಣ.

ಕುರಿಗೆ ಉಣ್ಣಿ ಹತ್ತಿದರೆ ಔಷಧಿ ನೀರಿನಲ್ಲಿ ಮೈ ತೊಳೆಯುತ್ತೇವೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇಂಥ ಔಷಧಿ. ಕುರಿಯ ದೇಹ ಇದನ್ನು ಬೇಗ ಅರಗಿಸಿಕೊಳ್ಳುತ್ತದೆ. ಮೀನಿಗೆ ಆ ಶಕ್ತಿ ಇಲ್ಲ. ಸ್ವಲ್ಪವೇ ಸೇರಿದರೂ ಮೀನು ಸಾಯುತ್ತದೆ. ಆದ್ದರಿಂದ ಕೆರೆ, ಹೊಳೆ, ಬಾವಿಯಿಂದ ದೂರದಲ್ಲಿ ಔಷಧಿ ಹಾಕಿ. ಮೈ ಪೂರ್ತಿ ಒಣಗುವ ತನಕ ಕುರಿಯನ್ನು ನೀರಿಗೆ ಇಳಿಸಬೇಡಿ. ಉಳಿದ ಔಷಧಿ ನೀರನ್ನು ಕೆರೆಗೆ ಚೆಲ್ಲಬೇಡಿ. ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬೇಡಿ.

ಮನೆಯಲ್ಲಿರುವ ಮಾತ್ರೆಯ ಮೇಲಿನ ತಾರೀಖು ಓದಿ. ಅವಧಿ ಮುಗಿದಿದ್ದರೆ ಚರಂಡಿಗೆ ಹಾಕಬೇಡಿ. ಮಕ್ಕಳ ಕೈಗೆ ಸಿಗದಂತೆ ಬೇರೆ ಚೀಲದಲ್ಲಿ ಇಡಿ. ಅದನ್ನು ಎಲ್ಲಿ ಕೊಡಬೇಕು ಅಂತ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ. ಔಷಧಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಡಾಕ್ಟರು ಹೇಳಿದಷ್ಟನ್ನು ತಪ್ಪದೆ ತಗೊಳ್ಳಿ. ಬೇಡದ್ದನ್ನು ಕೊಂಡು ಕೂಡಿಡಬೇಡಿ.

ಕೊರವ ಮೀನು ನಮ್ಮ ಕೆರೆಯಲ್ಲೇ ಮೊಟ್ಟೆ ಇಟ್ಟು ಮರಿಗಳನ್ನು ಕಾಯುತ್ತದೆ. ಕೆರೆಗೆ ಹೋದಾಗ ಬಲೆಯಲ್ಲಿ ಬಿದ್ದ ದೊಡ್ಡ ಮೀನನ್ನಷ್ಟೇ ನೋಡಬೇಡಿ. ದಡದಲ್ಲಿ ಮರಿಗಳ ಹಿಂಡು ಇದೆಯಾ ಅಂತಲೂ ನೋಡಿ. ಮುಂದಿನ ವರ್ಷದ ಮೀನು ಅದೇ.