ಪಕ್ಕದವರ ಲೆನ್ಸ್ ದೊಡ್ಡದಿದ್ದರೆ ನಮ್ಮ ಕ್ಯಾಮೆರಾ ಯಾಕೆ ಬ್ಯಾಗ್ ಸೇರಬೇಕು?

ಇವತ್ತಿನ ಮಾತು ಕ್ಯಾಮೆರಾ ಬಗ್ಗೆ. ಸರಿಯಾಗಿ ಹೇಳ್ಬೇಕು ಅಂದ್ರೆ, ಕೈಯಲ್ಲಿ ಕ್ಯಾಮೆರಾ ಇದ್ದೂ ನಾಲ್ಕು ಜನರ ಎದುರು ಅದನ್ನ ಹೊರಗೆ ತೆಗೆಯೋಕೆ ಆಗದೇ ಇರೋದರ ಬಗ್ಗೆ.

ಚಾಮರಾಜಪೇಟೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಮೊದಲ ಕೆಲಸದ ಸಂಬಳದಲ್ಲಿ ಉಳಿಸಿ ಉಳಿಸಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡಿದ್ದಾರೆ. ಜೊತೆಗೆ ಬಂದಿದ್ದು 18-55 ಕಿಟ್ ಲೆನ್ಸ್, ಎಲ್ಲರ ಹತ್ರನೂ ಇರೋ ಅಂಥದ್ದೇ. ಅದನ್ನ ಹೆಗಲಿಗೆ ಹಾಕ್ಕೊಂಡು ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗಿದ್ದಾರೆ. ದೊಡ್ಡ ಗಣಪತಿ ದೇವಸ್ಥಾನದ ಹತ್ತಿರ ಏಳೆಂಟು ಜನರ ಒಂದು ಗುಂಪು. ಒಬ್ಬೊಬ್ಬರ ಕೊರಳಲ್ಲಿ ಎರಡೆರಡು ಕ್ಯಾಮೆರಾ, ಮೊಳದುದ್ದದ ಬಿಳಿ ಲೆನ್ಸು. ಅದರಲ್ಲೊಬ್ಬರು ಇವರ ಕೈಯಲ್ಲಿದ್ದದ್ದನ್ನ ನೋಡಿ, "ಓ, ಕಿಟ್ ಲೆನ್ಸಾ?" ಅಂದ್ರಂತೆ. ಅಷ್ಟೇ. ಬೈಲಿಲ್ಲ, ನಗಲೂ ಇಲ್ಲ. ಇವರು ಕ್ಯಾಮೆರಾ ಬ್ಯಾಗಿಗೆ ಹಾಕಿ, ಒಂದು ಸೇರು ಕಡ್ಲೆಕಾಯಿ ಕಟ್ಟಿಸ್ಕೊಂಡು ಮನೆಗೆ ವಾಪಸ್. ಈಗ ಆ ಕ್ಯಾಮೆರಾ ಮಾರಿಬಿಡೋಣ ಅಂತ ಯೋಚನೆ ಮಾಡ್ತಿದ್ದಾರೆ.

ಮಾರಬೇಡಿ. ಯಾಕೆ ಅಂತ ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ, ಇಂಥ ಟೈಮಲ್ಲಿ ಎಲ್ಲರೂ ಹೇಳೋ ಒಂದು ಸಮಾಧಾನದ ಮಾತನ್ನ ಪಕ್ಕಕ್ಕೆ ಇಡೋಣ. "ಕ್ಯಾಮೆರಾ ಮುಖ್ಯ ಅಲ್ಲಮ್ಮ, ನೋಡೋ ಕಣ್ಣು ಮುಖ್ಯ." ಇದನ್ನ ಹೆಚ್ಚಾಗಿ ಹೇಳೋರು ಒಳ್ಳೆ ಕ್ಯಾಮೆರಾ ಇರೋರೇ, ಗಮನಿಸಿದ್ದೀರಾ? ರಂಗನತಿಟ್ಟಿಗೆ ಹೋಗಿ, ದೂರದ ಮರದ ಮೇಲೆ ಕೂತ ಹಕ್ಕಿಯ ಕಣ್ಣು ಕಾಣೋ ಹಾಗೆ ಫೋಟೊ ಬೇಕು ಅಂದ್ರೆ 18-55ರಲ್ಲಿ ಆಗಲ್ಲ. ಅಲ್ಲಿ ದುಡ್ಡು ಬೇಕೇ ಬೇಕು. ಅದನ್ನ ಒಪ್ಪಿಕೊಂಡ್ರೆ ಅರ್ಧ ಹೆದರಿಕೆ ಹೋಗುತ್ತೆ, ಯಾಕಂದ್ರೆ ಆಮೇಲೆ ಸರಿಯಾದ ಪ್ರಶ್ನೆ ಕೇಳಬಹುದು: ಆ ದುಡ್ಡು ಏನನ್ನ ಕೊಡುತ್ತೆ? ನಾನು ನಿಂತಿರೋ ಜಾಗದಲ್ಲಿ ಅದು ನನಗೆ ಬೇಕಾ?

ಲೆಕ್ಕ ಹಾಕೋಣ. ಆ ಬಿಳಿ ಲೆನ್ಸ್ ಹೆಚ್ಚಾಗಿ 70-200, ಎಫ್ 2.8. ನಿಮ್ಮ ಕಿಟ್ ಲೆನ್ಸನ್ನ 55ಕ್ಕೆ ಝೂಮ್ ಮಾಡಿದ್ರೆ ಎಫ್ 5.6. ಅಂದ್ರೆ ಅವರ ಲೆನ್ಸ್ ನಿಮ್ಮದಕ್ಕಿಂತ 4 ಪಟ್ಟು ಬೆಳಕು ಒಳಗೆ ಬಿಡುತ್ತೆ. ಪರಿಷೆಯ ಸಂಜೆ, ಬಲ್ಬಿನ ಬೆಳಕಲ್ಲಿ ನಿಮಗೆ ಶಟರ್ ಸ್ಪೀಡ್ 60ರಲ್ಲಿ ಒಂದು ಸೆಕೆಂಡ್ ಸಿಕ್ಕಿದ್ರೆ, ಅವರಿಗೆ 250ರಲ್ಲಿ ಒಂದು. ಮೊರದಲ್ಲಿ ಕಡ್ಲೆಕಾಯಿ ಕೇರೋ ಕೈ ನಿಮ್ಮ ಫೋಟೊದಲ್ಲಿ ಅಲುಗಾಡಿರುತ್ತೆ, ಅವರದರಲ್ಲಿ ನಿಂತಿರುತ್ತೆ. ಈ ವ್ಯತ್ಯಾಸ ನಿಜ.

ಈಗ ಅದೇ ಲೆನ್ಸಿನ ಇನ್ನೊಂದು ಮುಖ ನೋಡಿ. ಅದರ ತೂಕ ಸುಮಾರು ಒಂದೂವರೆ ಕೆಜಿ. ತೀರಾ ಹತ್ತಿರ ಹೋದ್ರೆ ಅದು ಫೋಕಸ್ ಮಾಡಲ್ಲ, ಹೆಚ್ಚುಕಡಿಮೆ ಒಂದು ಮೀಟರ್ ದೂರ ಬೇಕು. ರಾಶಿ ಮುಂದೆ ಕೂತ ಒಬ್ಬ ಹೆಂಗಸು, ಅವರ ಸೇರು, ಹಿಂದೆ ಮೂಟೆ, ಇಷ್ಟನ್ನ ಒಂದೇ ಫ್ರೇಮಿಗೆ ತರೋಕೆ ಮೂರ್ನಾಲ್ಕು ಮೀಟರ್ ಹಿಂದಕ್ಕೆ ಹೋಗ್ಬೇಕು. ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಾಲ್ಕು ಮೀಟರ್ ಖಾಲಿ ಜಾಗ ಎಲ್ಲಿದೆ ಸ್ವಾಮಿ? ನೀವು ಹಿಂದೆ ಸರಿಯೋದರೊಳಗೆ ಮಧ್ಯೆ ಪೀಪಿ ಊದೋ ಮಗು, ಬಲೂನಿನವನು, ಮೂರು ಸ್ಕೂಟರ್ ಬಂದಿರುತ್ತೆ.

ನಿಮ್ಮ ಕಿಟ್ ಲೆನ್ಸ್ ಒಂದು ಅಡಿಗೂ ಹತ್ತಿರದಲ್ಲಿ ಫೋಕಸ್ ಮಾಡುತ್ತೆ. ಇನ್ನೊಂದು ವಿಷಯ, ಇದನ್ನ ತುಂಬಾ ಜನ ಗಮನಿಸಲ್ಲ: ಝೂಮ್ ಮಾಡದೆ 18ರಲ್ಲೇ ಇಟ್ರೆ ಅಪರ್ಚರ್ ಎಫ್ 3.5ರವರೆಗೆ ತೆರೆಯುತ್ತೆ. 5.6ಕ್ಕೆ ಹೋಲಿಸಿದ್ರೆ ಎರಡೂವರೆ ಪಟ್ಟು ಬೆಳಕು. ಒಂದು ಪೈಸೆ ಖರ್ಚಿಲ್ಲ. ಅದರ ಬೆಲೆ ಏನಂದ್ರೆ ನೀವು ಹತ್ತಿರ ಹೋಗ್ಬೇಕು, ಮಂಡಿ ಊರಿ ಕೂರಬೇಕು. (ತೀರಾ ಮುಖದ ಹತ್ತಿರ ಹೋಗ್ಬೇಡಿ, 18ರಲ್ಲಿ ಮೂಗು ದಪ್ಪ ಕಾಣುತ್ತೆ. ಮುಖ ಬೇಕಿದ್ರೆ 24-28ರ ಸುತ್ತ ಇಡಿ.)

ಹತ್ತಿರ ಹೋಗೋದು ಅಂದ ತಕ್ಷಣ ಅಸಲಿ ಸಮಸ್ಯೆ ಶುರುವಾಗುತ್ತೆ. ಇದು ಲೆನ್ಸಿನ ಸಮಸ್ಯೆ ಅಲ್ಲ.

ಪರಿಷೆಯಲ್ಲಿ ನಾನು ನೋಡಿದ್ದು ಹೇಳ್ತೀನಿ. ಒಬ್ಬರು ವಯಸ್ಸಾದ ಅಜ್ಜಿ, ದೊಡ್ಡ ಕುಂಕುಮ, ಬಾಯಲ್ಲಿ ಎಲೆಅಡಿಕೆ. ಅಂಥವರು ಸಿಕ್ರೆ ಫೋಟೊಗ್ರಾಫರ್‌ಗಳಿಗೆ ಹಬ್ಬ. ಅರ್ಧ ವೃತ್ತದಲ್ಲಿ ಆರು ಜನ ನಿಂತು ಕ್ಲಿಕ್, ಕ್ಲಿಕ್, ಕ್ಲಿಕ್. ಒಬ್ಬರು "ಅಜ್ಜಿ, ಈ ಕಡೆ ನೋಡಿ" ಅಂತಾರೆ, ಇನ್ನೊಬ್ಬರು "ಕಡ್ಲೆಕಾಯಿ ಮೇಲಕ್ಕೆ ಹಾರಿಸಿ" ಅಂತಾರೆ. ಅಜ್ಜಿ ಎರಡು ಸಲ ಹಾರಿಸಿದ್ರು. ಮೂರನೇ ಸಲಕ್ಕೆ ಸೆರಗು ಮುಖದ ಮೇಲೆ ಎಳ್ಕೊಂಡು, "ವ್ಯಾಪಾರ ಇಲ್ಲ, ಏನಿಲ್ಲ, ಬರೀ ಪಟ ತೆಗೀತಾರೆ" ಅಂದ್ರು. ಆ ಆರು ಜನರಲ್ಲಿ ಕಡ್ಲೆಕಾಯಿ ಕೊಂಡವರು ಒಬ್ಬರೂ ಇಲ್ಲ.

ಈಗ ಹೇಳಿ, ಅಲ್ಲಿ ನಿಂತ ಹೊಸಬರು ಯಾರಿಗೆ ಹೆದರಬೇಕು? ಪಕ್ಕದಲ್ಲಿ ಬಿಳಿ ಲೆನ್ಸ್ ಹಿಡಿದವರಿಗಾ, ಎದುರಿಗೆ ಕೂತ ಅಜ್ಜಿಗಾ? ನಮ್ಮ ಅಳುಕೆಲ್ಲ ಪಕ್ಕದವರ ಕಡೆಗೇ ತಿರುಗಿರುತ್ತೆ. ಅವರು ನನ್ನ ಬಗ್ಗೆ ಏನಂದ್ಕೊಂಡ್ರೋ, ನನ್ನ ಲೆನ್ಸ್ ನೋಡಿದ್ರಾ, ನಾನು ಆಟೋ ಮೋಡಲ್ಲಿರೋದು ಗೊತ್ತಾಯ್ತಾ. ಆ ಹೊತ್ತಲ್ಲಿ ಎದುರಿಗಿರೋ ಮನುಷ್ಯರೇ ಕಾಣಲ್ಲ. ಸ್ವಲ್ಪ ಸಂಕೋಚ ಪಡೋದಿದ್ರೆ ಅಜ್ಜಿ ಎದುರು ಪಡಿ. ಆ ಸಂಕೋಚದಿಂದ ಫೋಟೊ ಕೆಡಲ್ಲ, ಸುಧಾರಿಸುತ್ತೆ. ಮೊದಲು ಒಂದು ಸೇರು ಕೊಳ್ಳಿ. ಹಸಿದಾ ಹುರಿದದ್ದಾ ಕೇಳಿ, ಯಾವ ಊರಿಂದ ಬಂದ್ರಿ ಅಂತ ಮಾತಾಡಿ, ಆಮೇಲೆ "ಅಜ್ಜಿ, ಒಂದು ಫೋಟೊ ತೆಗೀಲಾ?" ಅನ್ನಿ. ಬೇಡ ಅಂದ್ರೆ ಬೇಡ. ಸರಿ ಅಂದ್ರೆ, ಆ ಆರು ಜನಕ್ಕೆ ಸಿಗದ ಮುಖ ನಿಮಗೆ ಸಿಕ್ಕಿರುತ್ತೆ. ಪುಟ್ಟ ಕ್ಯಾಮೆರಾ ಇಲ್ಲಿ ನಿಮ್ಮ ಕಡೆಗಿದೆ, ಫೋನ್ ಆದ್ರೂ ಸರಿಯೇ. ಮೊಳದುದ್ದದ ಲೆನ್ಸ್ ಮುಖಕ್ಕೆ ತಿರುಗಿದ್ರೆ ಯಾರಾದ್ರೂ ಬಿಗಿಯಾಗ್ತಾರೆ.

ಅನುಭವಸ್ಥರ ಮಧ್ಯೆ ಹೊಸಬ ಬಾಯಿ ಬಿಡೋದು ಹೇಗೆ ಅನ್ನೋದಕ್ಕೆ ನಮ್ಮೂರಿನವರದ್ದೇ ಒಂದು ಕಥೆ ಇದೆ. ಬಸವನಗುಡಿ ಪಕ್ಕದ ಶಂಕರಪುರದಲ್ಲಿ ಕೊನೆಯ ವರ್ಷಗಳನ್ನ ಕಳೆದು, 2014ರ ಏಪ್ರಿಲ್‌ನಲ್ಲಿ ತೀರಿಕೊಂಡ ವಿ.ಕೆ. ಮೂರ್ತಿ. ಹುಟ್ಟಿದ್ದು 1923ರಲ್ಲಿ, ಮೈಸೂರಲ್ಲಿ. ಸಿನಿಮಾಟೋಗ್ರಫಿ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಪಿಟೀಲು ನುಡಿಸೋಕೂ ಬರ್ತಿತ್ತು. ಬಾಂಬೆಗೆ ಹೋಗಿ ದೊಡ್ಡ ಛಾಯಾಗ್ರಾಹಕರ ಕೈಕೆಳಗೆ ಸಹಾಯಕರಾದ್ರು. 1951ರ 'ಬಾಜಿ' ಚಿತ್ರಕ್ಕೆ ಕ್ಯಾಮೆರಾಮನ್ ವಿ. ರಾತ್ರಾ, ಮೂರ್ತಿ ಅವರ ಸಹಾಯಕ. ನಿರ್ದೇಶಕ ಗುರುದತ್‌ಗೆ ಅದು ಮೊದಲ ಚಿತ್ರ. ಸೆಟ್ಟಿನಲ್ಲಿ ಮೂರ್ತಿ ಒಂದು ಕಷ್ಟದ ಶಾಟ್ ಸೂಚಿಸಿದ್ರು, ತಮ್ಮ ಮೇಲಿನವರ ಒಪ್ಪಿಗೆ ಪಡೆದೇ ಅದನ್ನ ತೆಗೆದ್ರು. ಅದನ್ನ ನೋಡಿದ ಗುರುದತ್ ಮುಂದಿನ ಚಿತ್ರ 'ಜಾಲ್'ಗೆ ಮೂರ್ತಿಯವರನ್ನೇ ಕ್ಯಾಮೆರಾಮನ್ ಮಾಡ್ಕೊಂಡ್ರು. ನನಗೆ ಇದರಲ್ಲಿ ಇಷ್ಟವಾಗೋದು ಅವರು ಹೋದ ದಾರಿ. ಸೀನಿಯರ್‌ನ ತಳ್ಳಿ ಮುಂದೆ ಬರಲಿಲ್ಲ, ಹಿಂದೆ ಬಾಯಿ ಮುಚ್ಕೊಂಡೂ ನಿಲ್ಲಲಿಲ್ಲ. ನನಗೊಂದು ಐಡಿಯಾ ಇದೆ, ಮಾಡ್ಲಾ ಅಂತ ಕೇಳಿದ್ರು.

1959ರ 'ಕಾಗಜ್ ಕೆ ಫೂಲ್' ನೋಡಿ, ಯೂಟ್ಯೂಬಲ್ಲೇ ಸಿಗುತ್ತೆ. ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಬೆಳಕಿನ ಕಂಬದ ಹಾಗೆ ಒಂದು ಕಿರಣ ಇಳಿಯೋ ಹಾಡು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, ಸಲಕರಣೆಗೇನೂ ಬಡತನ ಇರಲಿಲ್ಲ. ಆದ್ರೂ ಆ ಕಿರಣಕ್ಕೆ ಮೂರ್ತಿ ಬಳಸಿದ್ದು ಎರಡು ದೊಡ್ಡ ಕನ್ನಡಿ ಮತ್ತು ಬಿಸಿಲು. ಆಮೇಲೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, 2008ನೇ ಸಾಲಿಗೆ. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಇನ್ನೊಂದು ತಮಾಷೆ, ಫೋಟೊ ಪತ್ರಕರ್ತ ಟಿ.ಎಸ್. ಸತ್ಯನ್ ಹುಟ್ಟಿದ್ದೂ ಅದೇ ವರ್ಷ, ಅದೇ ಮೈಸೂರಲ್ಲಿ. ಹೊಸಬರು ಸತ್ಯನ್ ಚಿತ್ರಗಳನ್ನ ಹುಡುಕಿ ನೋಡ್ಲೇಬೇಕು. ಮಕ್ಕಳು, ಬೀದಿ, ಮಾಮೂಲಿ ಜನರ ಮಾಮೂಲಿ ದಿನ. ಅವರು ಎಷ್ಟು ಹತ್ತಿರ ನಿಂತಿದ್ರು ಅಂತ ಪ್ರತಿ ಚಿತ್ರದಲ್ಲೂ ಲೆಕ್ಕ ಹಾಕಿ.

ಇನ್ನು ಆ ಗುಂಪಿನ ವಿಷಯ. ಕೆಲವರ ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಅಂತ ಅಕ್ಷರಗಳಿರುತ್ತೆ. ಹೊಸಬರಿಗೆ ಅದು ಡಾಕ್ಟರ್ ಬೋರ್ಡ್ ಥರ ಕಾಣುತ್ತೆ. ಅದೇನಪ್ಪಾ ಅಂದ್ರೆ, ಅಂತಾರಾಷ್ಟ್ರೀಯ ಫೋಟೊ ಒಕ್ಕೂಟವೊಂದು ಕೊಡೋ ಮನ್ನಣೆ. ಅದರ ಮಾನ್ಯತೆ ಇರೋ ಸ್ಪರ್ಧೆಗಳಲ್ಲಿ ನಿಮ್ಮ ಚಿತ್ರಗಳು ಇಷ್ಟು ಸಲ ಆಯ್ಕೆ ಆಗಿರಬೇಕು ಅಂತ ಲೆಕ್ಕ ಇರುತ್ತೆ. ವರ್ಷಗಟ್ಟಲೆ ಬೆವರು ಸುರಿಸಿ ಪಡೆದದ್ದು, ಗೌರವ ಕೊಡೋಣ. ಆದ್ರೆ ಸ್ಪರ್ಧೆಯ ತೀರ್ಪುಗಾರರು ಮೆಚ್ಚೋ ಚಿತ್ರ ಒಂದು ಜಾತಿ, ನಿಮ್ಮ ಬೀದಿಯ ಹೂವಿನವರು ನೋಡಿ "ಇದು ನಾನೇ" ಅನ್ನೋ ಚಿತ್ರ ಇನ್ನೊಂದು ಜಾತಿ. ಮೊದಲನೆಯದಕ್ಕೆ ಸಿಕ್ಕ ಸರ್ಟಿಫಿಕೇಟ್ ನೋಡ್ಕೊಂಡು ಎರಡನೆಯದರಲ್ಲಿ ಸೋತೆ ಅಂದ್ಕೋಬೇಡಿ.

ಸೀನಿಯರ್‌ಗಳನ್ನ ದೂರ ಇಡಿ ಅಂತಾನೂ ನಾನು ಹೇಳ್ತಿಲ್ಲ. ಈ ಊರಲ್ಲಿ ಫೋಟೊಗ್ರಫಿ ಬೆಳೆದದ್ದೇ ಒಬ್ಬರ ಪಕ್ಕ ಇನ್ನೊಬ್ಬರು ಕೂತು ಕಲಿತು. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಒ.ಸಿ. ಎಡ್ವರ್ಡ್ಸ್ ಅವರಿಂದ. ಆಮೇಲೆ 2017ರಲ್ಲಿ ತೀರಿಕೊಳ್ಳೋವರೆಗೆ ಪೆರುಮಾಳ್ ಎಷ್ಟೋ ಹುಡುಗರಿಗೆ ಗುರುವಾದ್ರು. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇಲ್ಲೇ ಇದೆ. ಇಂಥ ಕಡೆ ಹೋಗಿ ಸುಮ್ಮನೆ ಹಿಂದೆ ಕೂತು, ಬೇರೆಯವರ ಚಿತ್ರದ ಬಗ್ಗೆ ಏನು ಮಾತಾಡ್ತಾರೆ ಅಂತ ಕೇಳಿಸ್ಕೊಂಡ್ರೂ ಲಾಭ.

ಆದ್ರೆ ಪ್ರಶ್ನೆ ಬದಲಾಯಿಸಿ. "ಸರ್, ಇದು ಯಾವ ಲೆನ್ಸ್, ಎಷ್ಟಾಯ್ತು?" ಅಂತ ಕೇಳಿದ್ರೆ ನಿಮಗೆ ಸಿಗೋದು ರೇಟು, ಜೊತೆಗೆ ಸ್ವಲ್ಪ ಹೊಟ್ಟೆನೋವು. "ಸರ್, ಈ ಬೆಳಕಲ್ಲಿ ಶಟರ್ ಎಷ್ಟಕ್ಕೆ ಇಟ್ಟಿದ್ದೀರಾ? ಇಲ್ಲೇ ಯಾಕೆ ನಿಂತ್ರಿ?" ಅಂತ ಕೇಳಿ. ಎರಡನೇ ಪ್ರಶ್ನೆಗೆ ಒಳ್ಳೆ ಫೋಟೊಗ್ರಾಫರ್‌ಗಳ ಮುಖ ಅರಳುತ್ತೆ. ಇನ್ನು ಹತ್ತು ನಿಮಿಷದಲ್ಲಿ ಬಿಸಿಲು ಆ ಗೋಡೆಗೆ ಬಡಿದು ಈ ಕಡೆ ಬೀಳುತ್ತೆ ಅಂತ ಅವರಿಗೆ ಗೊತ್ತಿರುತ್ತೆ. ಅವರಿಗೂ ನಿಮಗೂ ಇರೋ ವ್ಯತ್ಯಾಸ ಅದು, ಅದಕ್ಕೆ ಇಎಂಐ ಇಲ್ಲ. ಉತ್ತರ ಹೇಳದೆ ನಿಮ್ಮ ಕೈಯಿಂದ ಕ್ಯಾಮೆರಾ ಕಿತ್ಕೊಂಡು ತಾವೇ ಸೆಟ್ಟಿಂಗ್ ಬದಲಾಯಿಸೋರೂ ಸಿಗ್ತಾರೆ. ಹೆಣ್ಣುಮಕ್ಕಳಿಗೆ ಈ ಅನುಭವ ಜಾಸ್ತಿ. "ಸರ್, ಬಾಯಲ್ಲಿ ಹೇಳಿ, ನಾನೇ ಮಾಡ್ತೀನಿ" ಅಂತ ಹೇಳೋಕೆ ಯಾವ ಸಂಕೋಚಾನೂ ಬೇಡ. ಹೇಳಿದ ಮೇಲೂ ಕೇಳದಿದ್ರೆ ಅವರ ಪಕ್ಕ ನಿಲ್ಲೋ ಅಗತ್ಯ ಏನೂ ಇಲ್ಲ.

ಪರಿಷೆ ವರ್ಷಕ್ಕೊಂದೇ ಸಲ. ಅಲ್ಲಿವರೆಗೆ ಕಾಯಬೇಡಿ. ಮನೆಗೆ ಹತ್ತಿರದ ಒಂದೇ ಜಾಗ ಹಿಡ್ಕೊಳ್ಳಿ. ಗಾಂಧಿ ಬಜಾರಿನ ಹೂವಿನ ಸಾಲು, ಮಲ್ಲೇಶ್ವರದ 8ನೇ ಕ್ರಾಸ್, ಚಾಮರಾಜಪೇಟೆಯವರಾದ್ರೆ ಕೆ.ಆರ್. ಮಾರ್ಕೆಟ್ ಕಾಲ್ನಡಿಗೆಯ ದೂರ. ಆದ್ರೆ ಬೆಳಗಿನ ಜಾವ ಮಾರ್ಕೆಟ್‌ನಲ್ಲಿ ಹೂವಿಗಿಂತ ಕ್ಯಾಮೆರಾನೇ ಜಾಸ್ತಿ ಅನ್ನಿಸ್ಬಹುದು, ಶುರುಮಾಡೋಕೆ ಗಾಂಧಿ ಬಜಾರೇ ವಾಸಿ. ಹತ್ತು ಶನಿವಾರ, ಅದೇ ಟೈಮು, ಅದೇ ಲೆನ್ಸು. ಮೂರನೇ ವಾರಕ್ಕೆ ಹೂವಿನವರು ಗುರುತು ಹಿಡೀತಾರೆ. ಐದನೇ ವಾರಕ್ಕೆ ಬೆಳಕು ಯಾವ ಅಂಗಡಿಗೆ ಮೊದಲು ಬರುತ್ತೆ ಅಂತ ನಿಮಗೆ ಗೊತ್ತಾಗಿರುತ್ತೆ.

ಒಂದೆರಡು ಚಿತ್ರ ಪ್ರಿಂಟ್ ಹಾಕಿಸಿ ಅವರಿಗೇ ಕೊಡಿ. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿಗೆ ಒಂದು ಮೊಳ ಮಲ್ಲಿಗೆಯಷ್ಟೂ ಖರ್ಚಾಗಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ರೆ ಆಗಲ್ವಾ ಅಂತೀರಿ. ಆಗುತ್ತೆ, ಆದ್ರೆ ಪ್ರಿಂಟನ್ನ ದೇವರ ಫೋಟೊ ಪಕ್ಕ ಸಿಕ್ಕಿಸ್ತಾರೆ. ಮುಂದಿನ ಶನಿವಾರ ಬೇರೆ ಯಾರೋ ದೊಡ್ಡ ಲೆನ್ಸ್ ಹಿಡ್ಕೊಂಡು ಬಂದು ನಿಂತಾಗ, ಆ ಅಂಗಡಿಯವರು "ನಮ್ಮ ಹುಡುಗಿ ಚೆನ್ನಾಗಿ ತೆಗೀತಾಳೆ ನೋಡಿ" ಅಂತ ಅದನ್ನೇ ತೋರಿಸಿದ್ರೂ ಆಶ್ಚರ್ಯ ಇಲ್ಲ.

ಚಾಮರಾಜಪೇಟೆಯವರೇ, ಮತ್ತೆ ಇದೇ ಥರ ಬೀರುವಿನಲ್ಲಿ ಕ್ಯಾಮೆರಾ ಇಟ್ಟಿರೋ ಎಲ್ಲರೂ, ಬ್ಯಾಟರಿ ಚಾರ್ಜ್‌ಗೆ ಹಾಕಿ. ತುಂಬಾ ದಿನ ಸುಮ್ಮನೆ ಇಟ್ಟಿದ್ರೆ ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ, ಮೆಮೊರಿ ಕಾರ್ಡ್‌ನಲ್ಲಿ ಜಾಗ ಇದೆಯಾ ನೋಡಿ. ಶನಿವಾರ ಬೆಳಗ್ಗೆ ಆರೂವರೆಗೆ ಗಾಂಧಿ ಬಜಾರಿನಲ್ಲಿ ಕಾಫಿನೂ ಸಿಗುತ್ತೆ. ಮುಂದಿನ ವಾರ ಮತ್ತೆ ಮಾತಾಡೋಣ, ನಮಸ್ಕಾರ.